ಟರ್ಬೊ ಹಾಕಿಸುವ ಮುಂಚೆ ಆರ್‌ಪಿಎಂ ನೋಡಿ: ಬೆಟ್ಟದ ಸ್ನೋಮೊಬೈಲ್ ಎಷ್ಟು ಬದಲಿಸಬೇಕು?

ಪ್ರಶ್ನೆ: ನಾನು ಕೆನಡಾದ ಕ್ಯಾಲ್ಗರಿಯಲ್ಲಿದ್ದೇನೆ. ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಇಂಜಿನ್ ಗಾಡಿ) ಓಡಿಸಲು ಶುರು ಮಾಡಿ ಇದು ಮೂರನೇ ಚಳಿಗಾಲ. ನನ್ನದು 2019ರ 850 ಸಿಸಿ ಎರಡು-ಸ್ಟ್ರೋಕ್ ಬೆಟ್ಟದ ಗಾಡಿ. 154 ಇಂಚಿನ ಟ್ರ್ಯಾಕ್ (ಗಾಡಿಯನ್ನು ತಳ್ಳುವ ರಬ್ಬರ್ ಪಟ್ಟಿ), 2.5 ಇಂಚಿನ ಲಗ್ (ಅದರ ಮೇಲಿನ ಹಲ್ಲು). 3,200 ಕಿ.ಮೀ. ಓಡಿದೆ. ಇಂಜಿನ್ ಬಿಚ್ಚಿಸಿಲ್ಲ, ಏನೂ ಬದಲಿಸಿಲ್ಲ. ಹೆಚ್ಚಾಗಿ ರೆವೆಲ್‌ಸ್ಟೋಕ್ ಬೆಟ್ಟಗಳ ಕಡೆ ಹೋಗುತ್ತೇವೆ. ಜೊತೆಗೆ ಬರುವ ನಾಲ್ವರಲ್ಲಿ ಇಬ್ಬರದು ಟರ್ಬೊ (ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಗಾಡಿ. ಅವರು ಹೋದ ಕಡೆ ನನ್ನ ಗಾಡಿ ಹೋಗುವುದಿಲ್ಲ. ಮರಗಳ ನಡುವೆ, ಇಳಿಜಾರಿಗೆ ಅಡ್ಡ ಹೋಗುವಾಗ ಪದೇ ಪದೇ ಹೂತುಕೊಳ್ಳುತ್ತೇನೆ. ಪೂರ್ತಿ ಥ್ರಾಟಲ್ (ಆಕ್ಸಿಲರೇಟರ್) ಕೊಟ್ಟರೂ ಮೇಲೆ 7,600 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ದಾಟುವುದಿಲ್ಲ, ಮ್ಯಾನ್ಯುಯಲ್‌ನಲ್ಲಿ 7,900 ಅಂತಿದೆ. ಈ ಸೀಸನ್ ಎರಡು ಬೆಲ್ಟ್ ಹೋದವು. ಪೈಪ್, ಹೆಡ್ (ಸಿಲಿಂಡರಿನ ಮುಚ್ಚಳ), ಇಸಿಯು ಫ್ಲ್ಯಾಷ್ (ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು), ಬಿಗ್ ಬೋರ್ (ಸಿಲಿಂಡರ್ ಅಗಲ ಮಾಡಿಸುವುದು) ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬ ಗೆಳೆಯ ತನ್ನ ಹಳೇ ಟರ್ಬೊ ಕಿಟ್ಟನ್ನು 4,500 ಡಾಲರಿಗೆ ಕೊಡುತ್ತೇನೆ ಅನ್ನುತ್ತಿದ್ದಾನೆ, ತಿಂಗಳ ಕೊನೆಯೊಳಗೆ ಹೇಳಬೇಕಂತೆ. ನನ್ನ ಹತ್ತಿರ 8,000 ಡಾಲರ್ ಇದೆ. ಎಷ್ಟರವರೆಗೆ ಹೋಗಬಹುದು, ಎಲ್ಲಿ ನಿಲ್ಲಿಸಬೇಕು? ಕೊರತೆ ಗಾಡಿಯದ್ದೋ ನನ್ನದೋ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಅದನ್ನು ಕೇಳುವವರು ಕಡಿಮೆ. ನನ್ನ ವರ್ಕ್‌ಶಾಪಿಗೆ ಬರುವವರಲ್ಲಿ ಹೆಚ್ಚಿನವರು ಕಿಟ್ಟನ್ನು ಆರ್ಡರ್ ಮಾಡಿ, ಡಬ್ಬ ಹಿಡಿದುಕೊಂಡೇ ಬರುತ್ತಾರೆ. ನೀವು ಬರೆದದ್ದನ್ನು ಓದಿದರೆ ಸ್ವಲ್ಪ ಗಾಡಿಯದ್ದು, ಸ್ವಲ್ಪ ನಿಮ್ಮದು. ಆದರೆ ಗಾಡಿಯ ಪಾಲು ಇಂಜಿನ್‌ನಲ್ಲಿ ಇಲ್ಲ, ಕ್ಲಚ್‌ನಲ್ಲಿದೆ ಅಂತ ನನ್ನ ಅನುಮಾನ. ಅದನ್ನು ನೀವೇ ಬರೆದಿದ್ದೀರಿ: 7,900 ಬರಬೇಕಾದ ಕಡೆ 7,600, ಒಂದೇ ಸೀಸನ್‌ನಲ್ಲಿ ಎರಡು ಬೆಲ್ಟ್. ಇಷ್ಟು ಗೊತ್ತಿದ್ದೂ ಟರ್ಬೊ ಹಾಕಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ನಿಮ್ಮ ನಿಜವಾದ ಚಿಂತೆ ಎಚ್‌ಪಿಯದ್ದಲ್ಲ ಅಂತಲೂ ಕಾಣುತ್ತದೆ. ಮೇಲೆ ನಾಲ್ಕು ಜನ ಕಾಯುತ್ತಿರುತ್ತಾರೆ, ಕೆಳಗೆ ನೀವು ಸಲಿಕೆ ಹಿಡಿದಿರುತ್ತೀರಿ. ಮೂರನೇ ಸಲ ಅವರು ಇಳಿದು ಬಂದು ಗಾಡಿ ಎಳೆಯುವಾಗ ಯಾರೂ ಏನೂ ಅನ್ನುವುದಿಲ್ಲ. ಆ ಸುಮ್ಮನಿರುವುದೇ ಚುಚ್ಚುತ್ತದೆ, ಅಲ್ವಾ? ಈ ಸಂಕಟಕ್ಕೆ ದುಡ್ಡು ಸುರಿದವರನ್ನು ತುಂಬ ಜನರನ್ನು ನೋಡಿದ್ದೇನೆ. ನಾನೂ ಸುರಿದಿದ್ದೇನೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಎತ್ತರದ ಲೆಕ್ಕ. ನಿಮ್ಮದು ಸುಮಾರು 165 ಎಚ್‌ಪಿ ಅಂತ ಹೇಳಿಕೊಳ್ಳುವ ಗಾಡಿ. ಆ ಸಂಖ್ಯೆ ಸಮುದ್ರಮಟ್ಟದ್ದು. ರೆವೆಲ್‌ಸ್ಟೋಕ್ ಊರು ಇರುವುದು 500 ಮೀಟರ್ ಆಸುಪಾಸಿನಲ್ಲಿ. ನೀವು ಆಡುವ ಜಾಗ 2,000 ಮೀಟರಿನ ಮೇಲೆ. 2,200 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು 80% ಮಾತ್ರ. ಇಂಜಿನ್ ಉಸಿರಾಡುವುದು ಅದನ್ನೇ. ಹಾಗಾಗಿ ಮೇಲೆ ನಿಮ್ಮ ಕೈಯಲ್ಲಿರುವುದು 130ರ ಹತ್ತಿರದ ಎಚ್‌ಪಿ. ಸುಮಾರು 300 ಮೀಟರ್ ಏರಿದಷ್ಟೂ 3% ಹೋಗುತ್ತದೆ ಅಂತ ನಾವು ಅಂದಾಜಿಗೆ ಹಿಡಿಯುತ್ತೇವೆ. ಥಂಡಿ ಇದ್ದರೆ ಸ್ವಲ್ಪ ವಾಪಸ್ ಬರುತ್ತದೆ. ಅದೇ ಎತ್ತರದಲ್ಲಿ ಸೊನ್ನೆಯಿಂದ ಮೈನಸ್ 20ಕ್ಕೆ ಇಳಿದರೆ ಗಾಳಿ 8%ದಷ್ಟು ದಟ್ಟವಾಗುತ್ತದೆ. ಜನವರಿಯ ಬೆಳಿಗ್ಗೆ ಗಾಡಿ ಚುರುಕು, ಏಪ್ರಿಲ್ ಮಧ್ಯಾಹ್ನ ಮಂಕು ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಟರ್ಬೊ ಇರುವ ಗೆಳೆಯರಿಗೆ ಈ ನಷ್ಟ ಇಲ್ಲ. 2020ರ ಮಾದರಿಯಲ್ಲಿ ಸ್ಕಿ-ಡೂ ಕಂಪನಿ ಕಾರ್ಖಾನೆಯಿಂದಲೇ ಟರ್ಬೊ ಕೂರಿಸಿದ ಎರಡು-ಸ್ಟ್ರೋಕ್ ಗಾಡಿ ತಂದಾಗ ಹೇಳಿದ್ದು ಇಷ್ಟೇ: 8,000 ಅಡಿಯವರೆಗೆ ಅದೇ 165 ಎಚ್‌ಪಿ ಇರುತ್ತದೆ. ಅಂದರೆ ಆ ಟರ್ಬೊ ಮಾಡಿದ್ದು ಹೊಸ ಶಕ್ತಿ ಸೇರಿಸುವುದಲ್ಲ, ಬೆಟ್ಟ ಕಿತ್ತುಕೊಂಡದ್ದನ್ನು ವಾಪಸ್ ಕೊಡುವುದು. ಪೊಲಾರಿಸ್ 2022ರ ಮಾದರಿಯಲ್ಲಿ ತನ್ನದನ್ನು ತಂದಿತು. ನಿಮಗೂ ಅವರಿಗೂ ಮೇಲೆ 30-35 ಎಚ್‌ಪಿ ವ್ಯತ್ಯಾಸ ಇರುವುದು ನಿಜ. ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ನೀವು ಹೂತುಕೊಳ್ಳುವುದಕ್ಕೆ ಅದೇ ಕಾರಣವೇ?

ಎತ್ತರಕ್ಕೆ ಹೋದಾಗ ಕ್ಲಚ್‌ಗೆ ಏನಾಗುತ್ತದೆ ನೋಡಿ. ಗಾಡಿಯಲ್ಲಿ ಎರಡು ಕ್ಲಚ್, ಅವುಗಳ ನಡುವೆ ಶಕ್ತಿ ಒಯ್ಯುವ ಬೆಲ್ಟ್. ಮುಂದಿನ ಕ್ಲಚ್‌ನೊಳಗೆ ಪುಟ್ಟ ತೂಕದ ತೋಳುಗಳಿವೆ. ಇಂಜಿನ್ ತಿರುಗಿದಂತೆ ಅವು ಹೊರಕ್ಕೆ ಚಾಚಿ, ಎರಡು ತಟ್ಟೆಗಳನ್ನು ಒತ್ತಿ, ಬೆಲ್ಟನ್ನು ಹಿಂಡುತ್ತವೆ. ಒಳಗಿನ ಸ್ಪ್ರಿಂಗ್ ಅವುಗಳನ್ನು ವಾಪಸ್ ತಳ್ಳುತ್ತದೆ. ಹಿಂದಿನ ಕ್ಲಚ್‌ನಲ್ಲಿ ಇನ್ನೊಂದು ಸ್ಪ್ರಿಂಗ್, ಜೊತೆಗೆ ಓರೆಯಾಗಿ ಕೊರೆದ ಜಾಡು, ಅಂದರೆ ಹೀಲಿಕ್ಸ್. ಈ ನಾಲ್ಕರ ಹಗ್ಗಜಗ್ಗಾಟದಲ್ಲಿ ಇಂಜಿನ್ ಎಷ್ಟು ಆರ್‌ಪಿಎಂನಲ್ಲಿ ನಿಲ್ಲಬೇಕು ಅಂತ ತೀರ್ಮಾನವಾಗುತ್ತದೆ. 165 ಎಚ್‌ಪಿಗೆ ಅಂತ ಹಾಕಿದ ತೂಕವನ್ನು 130 ಎಚ್‌ಪಿ ಎಳೆಯಬೇಕಾದರೆ ಇಂಜಿನ್ ಬಳಲುತ್ತದೆ. ಆರ್‌ಪಿಎಂ ಕುಸಿಯುತ್ತದೆ. 7,600.

ಬರೀ 300 ಆರ್‌ಪಿಎಂ ತಾನೇ ಅನ್ನಬೇಡಿ. ಎರಡು-ಸ್ಟ್ರೋಕ್ ಇಂಜಿನ್ನಿನ ಹೊಟ್ಟೆ ಉಬ್ಬಿದ ಪೈಪ್ ಇದೆಯಲ್ಲ, ಅದು ಬರೀ ಹೊಗೆ ಬಿಡುವ ಕೊಳವೆ ಅಲ್ಲ. ಸಿಲಿಂಡರಿನಿಂದ ಹೊರಟ ಒತ್ತಡದ ಅಲೆ ಪೈಪಿನ ತುದಿಗೆ ಹೊಡೆದು ವಾಪಸ್ ಬರುತ್ತದೆ. ಅಷ್ಟರಲ್ಲಿ ತಪ್ಪಿಸಿಕೊಂಡು ಹೊರಬಂದಿದ್ದ ಹೊಸ ಪೆಟ್ರೋಲ್-ಗಾಳಿಯನ್ನು ಸರಿಯಾಗಿ ಬಾಗಿಲು ಮುಚ್ಚುವ ಹೊತ್ತಿಗೆ ಒಳಕ್ಕೆ ತಳ್ಳುತ್ತದೆ. ಈ ತಾಳ ಕೂಡುವುದು ಆರ್‌ಪಿಎಂನ ಒಂದು ಸಣ್ಣ ಪಟ್ಟಿಯಲ್ಲಿ ಮಾತ್ರ. ಅದರ ಕೆಳಗೆ ಇಳಿದರೆ ಅಲೆ ಬೇಗ ಬರುತ್ತದೆ, ಪಿಕಪ್ ಧಡಾರಂತ ಬೀಳುತ್ತದೆ. ಅಂದರೆ ಮೇಲೆ ನಿಮಗೆ 130 ಕೂಡ ಸಿಗುತ್ತಿಲ್ಲ. ಬೆಟ್ಟ ಒಂದಷ್ಟು ತಿಂದಿದೆ, ಕ್ಲಚ್ ಇನ್ನೊಂದಷ್ಟು ತಿನ್ನುತ್ತಿದೆ.

ಸರಿ ಮಾಡುವುದು ಕಷ್ಟ ಅಲ್ಲ. ಕೆಲವು ಗಾಡಿಗಳಲ್ಲಿ ಕ್ಲಚ್ ಮುಖದ ಮೇಲೆ ಕ್ಲಿಕ್ಕರ್ ಇರುತ್ತದೆ, ಒಂದು ಹಲ್ಲು ತಿರುಗಿಸಿದರೆ ಸುಮಾರು 200 ಆರ್‌ಪಿಎಂ ಬದಲಾಗುತ್ತದೆ. ಇಲ್ಲದಿದ್ದರೆ ಹಗುರವಾದ ತೂಕ ಹಾಕಬೇಕು. ಒಂದೆರಡು ಗ್ರಾಂ ಕೂಡ ವ್ಯತ್ಯಾಸ ತೋರಿಸುತ್ತದೆ. ಪರೀಕ್ಷೆ ಮಾಡುವುದು ಪಾರ್ಕಿಂಗ್ ಜಾಗದಲ್ಲಲ್ಲ. ಮೇಲೆ, ಆಳ ಹಿಮದಲ್ಲಿ, ಬಯಲಲ್ಲಿ ಹತ್ತು ಸೆಕೆಂಡು ಪೂರ್ತಿ ಥ್ರಾಟಲ್ ಕೊಟ್ಟು ಮೀಟರ್ ನೋಡಿ. 7,900ರಲ್ಲಿ ನಿಂತರೆ ಕೆಲಸ ಆಯಿತು. 8,100ಕ್ಕೆ ಹೋದರೆ ತೂಕ ತೀರಾ ಹಗುರವಾಯಿತು ಅಂತ ಅರ್ಥ.

ಆದರೆ ಕ್ಲಚ್ ಮುಟ್ಟುವ ಮುಂಚೆ ಒಂದು ಮಾತು. 3,200 ಕಿ.ಮೀ. ಓಡಿದ, ಒಮ್ಮೆಯೂ ಬಿಚ್ಚದ ಎರಡು-ಸ್ಟ್ರೋಕ್‌ನಲ್ಲಿ 300 ಆರ್‌ಪಿಎಂ ಬೇರೆ ಕಡೆಯೂ ಕಳೆದುಹೋಗಿರಬಹುದು. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿ, ಎರಡೂ ಸಿಲಿಂಡರ್ ಹತ್ತಿರ ಹತ್ತಿರ ಇರಬೇಕು. ಎಕ್ಸಾಸ್ಟ್ ವಾಲ್ವ್‌ಗಳನ್ನು ಬಿಚ್ಚಿ ಮಸಿ ತೆಗೆಸಿ. ಅವು ಅಂಟಿಕೊಂಡು ಪೂರ್ತಿ ತೆರೆಯದಿದ್ದರೆ ಗಾಡಿ ಮೇಲಿನ ಆರ್‌ಪಿಎಂಗೆ ಹೋಗುವುದೇ ಇಲ್ಲ. ಇಂಜಿನ್ ಕೂತಿರುವ ರಬ್ಬರ್ ಮೌಂಟ್‌ಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ. ನಿಮ್ಮ ಎರಡು ಬೆಲ್ಟ್‌ಗಳ ಕಥೆ ಅಲ್ಲೇ ಇರಬಹುದು. ಮೌಂಟ್ ಸವೆದರೆ ಥ್ರಾಟಲ್ ಕೊಟ್ಟಾಗ ಇಂಜಿನ್ ವಾಲುತ್ತದೆ, ಎರಡು ಕ್ಲಚ್‌ಗಳು ಒಂದೇ ಗೆರೆಯಲ್ಲಿ ಇರುವುದಿಲ್ಲ, ಬೆಲ್ಟ್ ಓರೆಯಾಗಿ ಉಜ್ಜುತ್ತದೆ. ಹೋದ ಬೆಲ್ಟ್ ಇಟ್ಟುಕೊಂಡಿದ್ದೀರಾ? ಅಂಚು ಒಂದೇ ಪಕ್ಕ ನೂಲು ನೂಲಾಗಿ ಬಿಚ್ಚಿದ್ದರೆ ಜೋಡಣೆ ತಪ್ಪಿದೆ. ಎರಡೂ ಪಕ್ಕ ಗಾಜಿನಂತೆ ಹೊಳೆಯುತ್ತಿದ್ದರೆ ಜಾರಿ ಜಾರಿ ಸುಟ್ಟಿದೆ. ಬೆಲ್ಟ್ ಉಷ್ಣತೆ ತೋರಿಸುವ ಸಣ್ಣ ಸೆನ್ಸರ್ ಒಂದನ್ನು ಹಾಕಿಸಿಕೊಳ್ಳಿ. 80 ಡಿಗ್ರಿ ದಾಟಿದರೆ ನಾನು ನಿಂತು ಗಾಡಿಯ ಪಕ್ಕದ ಮುಚ್ಚಳ ತೆರೆಯುತ್ತೇನೆ. ಈ ಗಾಡಿಗೆ ಹಾಕಿಸುವ ಮೀಟರುಗಳಲ್ಲಿ ಕೊಟ್ಟ ದುಡ್ಡಿಗೆ ಮೋಸ ಇಲ್ಲದ್ದು ಇದೊಂದೇ ಅಂತ ನನಗನ್ನಿಸುತ್ತದೆ.

ಈಗ ಹೂತುಕೊಳ್ಳುವ ವಿಷಯ. ಎಚ್‌ಪಿ ಜಾಸ್ತಿ ಇದ್ದರೆ ಹೂತುಕೊಳ್ಳುವುದಿಲ್ಲ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಅರ್ಧ ಮಾತ್ರ ನಿಜ. ಬಯಲು ಏರಿನಲ್ಲಿ, ವೇಗ ಇಟ್ಟುಕೊಂಡು ಹೋಗುವಾಗ ನಿಜ. ಟ್ರ್ಯಾಕ್ ವೇಗವಾಗಿ ತಿರುಗಿದಷ್ಟೂ ಗಾಡಿ ಹಿಮದ ಮೇಲೆ ತೇಲುತ್ತದೆ. ಮರಗಳ ನಡುವೆ ನಿಂತ ಗಾಡಿಯನ್ನು ಹೊರಡಿಸುವಾಗ ಇದು ಉಲ್ಟಾ. ಪುಡಿಹಿಮಕ್ಕೆ ತಾಳಿಕೊಳ್ಳುವ ಶಕ್ತಿ ಇಷ್ಟೇ ಅಂತ ಇರುತ್ತದೆ. ಲಗ್‌ಗಳು ಅದಕ್ಕಿಂತ ಜೋರಾಗಿ ತಳ್ಳಿದ ಕೂಡಲೇ ಹಿಮ ಕಿತ್ತುಕೊಂಡು ಹಿಂದಕ್ಕೆ ಹಾರುತ್ತದೆ, ಗಾಡಿ ಕೆಳಕ್ಕೆ ಇಳಿಯುತ್ತದೆ. 130 ಎಚ್‌ಪಿ ಅರ್ಧ ಮೀಟರ್ ಗುಂಡಿಯನ್ನು ಎರಡು ಸೆಕೆಂಡಿನಲ್ಲಿ ತೋಡಿದರೆ 180 ಎಚ್‌ಪಿ ಇನ್ನೂ ಬೇಗ ತೋಡುತ್ತದೆ.

ಮುಂದಿನ ಸಲ ಹೂತುಕೊಂಡಾಗ ಸಲಿಕೆ ತೆಗೆಯುವ ಮುಂಚೆ ಒಂದು ನಿಮಿಷ ಆ ಗುಂಡಿಯನ್ನೇ ನೋಡಿ. ಟ್ರ್ಯಾಕ್ ಕೆಳಗಿನ ಹಿಮ ಮಟ್ಟಸವಾಗಿ, ಮೆಟ್ಟಿಲಿನ ಹಾಗೆ ಗಟ್ಟಿಯಾಗಿದ್ದು, ಗಾಡಿ ಅದರ ಮೇಲೆ ಸುಮ್ನೆ ನಿಂತುಬಿಟ್ಟಿದ್ದರೆ ಶಕ್ತಿ ಸಾಲಲಿಲ್ಲ. ಹಿಂಭಾಗ ಬಾವಿಯ ಹಾಗೆ ಇಳಿದು, ಮೂತಿ ಆಕಾಶ ನೋಡುತ್ತಿದ್ದರೆ ಥ್ರಾಟಲ್ ಜಾಸ್ತಿಯಾಯಿತು. ಗಾಡಿ ಕೆಳಪಕ್ಕಕ್ಕೆ ವಾಲಿ, ಕೆಳಗಿನ ಸ್ಕೀ ಮರದ ಬುಡದ ಕಡೆ ತಿರುಗಿದ್ದರೆ ಇಂಜಿನ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಸೀಸನ್‌ಗೆ ಹತ್ತು ಸಲ ಹೂತುಕೊಳ್ಳುತ್ತೀರಿ ಅಂತಿಟ್ಟುಕೊಳ್ಳಿ. ಫೋನಿನಲ್ಲಿ ಹತ್ತು ಫೋಟೋ ತೆಗೆದಿಟ್ಟುಕೊಳ್ಳಿ. ನಿಮ್ಮ ಪತ್ರದ ಪ್ರಕಾರ ಹೆಚ್ಚಿನವು ಮೂರನೇ ಬಗೆಯವೇ ಇರುತ್ತವೆ ಅಂತ ನನ್ನ ಊಹೆ. ಗೆಳೆಯರು ಅಲ್ಲಿ ದಾಟುವುದು ಟರ್ಬೊದಿಂದಲ್ಲ. ಅವರು ಗಾಡಿಯನ್ನು ಬೆಟ್ಟದ ಕಡೆಗೆ ವಾಲಿಸಿ, ಒಂದೇ ಕಾಲಿನ ಮೇಲೆ ನಿಂತು, ಥ್ರಾಟಲನ್ನು ಬೆರಳಿನಿಂದ ಮಿಡಿಯುತ್ತಾ ಹೋಗುತ್ತಾರೆ.

ಇದಕ್ಕೆ ಗಾಡಿಯ ಕಡೆಯಿಂದ ಮಾಡಬಹುದಾದದ್ದು ಇದೆ, ಅಗ್ಗದಲ್ಲೇ ಇದೆ. ಟ್ರ್ಯಾಕ್‌ನ ಮುಂಭಾಗದಲ್ಲಿ ಲಿಮಿಟರ್ ಪಟ್ಟಿ ಅಂತ ಒಂದು ಬೆಲ್ಟಿನ ತುಂಡು ಇರುತ್ತದೆ. ಏರಿನಲ್ಲಿ ಮೂತಿ ಎದ್ದು ಸ್ಕೀ ಗಾಳಿಯಲ್ಲಿ ತೂಗಾಡುತ್ತಿದ್ದರೆ ಅದನ್ನು ಒಂದು ತೂತು ಬಿಗಿ ಮಾಡಿ. ಗಾಡಿ ವಾಲಿಸಲು ಕಷ್ಟವಾಗುತ್ತಿದ್ದರೆ ಸಡಿಲ ಮಾಡಿ. ಒಂದೇ ಬೋಲ್ಟ್, ಖರ್ಚು ಸೊನ್ನೆ. ಆದರೆ ಗಾಡಿಯ ಸ್ವಭಾವವೇ ಬದಲಾಗುತ್ತದೆ. ಶಾಕ್‌ಗಳ ಸ್ಪ್ರಿಂಗ್ ನಿಮ್ಮ ತೂಕಕ್ಕೆ, ಬೆನ್ನಿನ ಚೀಲ ಪೆಟ್ರೋಲ್ ಎಲ್ಲ ಸೇರಿಸಿ, ಹೊಂದಿದೆಯಾ ನೋಡಿಸಿ. ಹ್ಯಾಂಡಲ್ ಎತ್ತರ ನಿಂತು ಓಡಿಸುವಾಗ ಸೊಂಟಕ್ಕೆ ಬರಬೇಕು. ಎತ್ತರದ ಹ್ಯಾಂಡಲ್ ಚೆಂದ ಕಾಣುತ್ತದೆ ಅಂತ ಹಾಕಿಸಿ, ಗಾಡಿ ವಾಲಿಸಲು ಆಗದೆ ಒದ್ದಾಡುವವರು ವಾರಕ್ಕೊಬ್ಬರು ಬರುತ್ತಾರೆ.

ಉದ್ದದ ಟ್ರ್ಯಾಕ್ ಹಾಕಿಸಲೇ ಅಂತ ನೀವು ಕೇಳಿಲ್ಲ. ಯಾರಾದರೂ ಹೇಳಿಯೇ ಹೇಳುತ್ತಾರೆ. 154ರಿಂದ 165ಕ್ಕೆ ಹೋದರೆ 11 ಇಂಚು ಸಿಗುವುದಿಲ್ಲ. ಆ ಸಂಖ್ಯೆ ಟ್ರ್ಯಾಕ್‌ನ ಪೂರ್ತಿ ಸುತ್ತಳತೆ. ಹಿಮಕ್ಕೆ ತಾಗುವುದು ಅದರ ಕೆಳಗಿನ ಭಾಗ ಮಾತ್ರ, ಹೆಚ್ಚಾಗುವುದು ಸುಮಾರು ಐದೂವರೆ ಇಂಚು. ಅದಕ್ಕೆ ರೈಲ್ (ಟ್ರ್ಯಾಕ್ ಜಾರುವ ಹಳಿ), ಹಿಂಭಾಗದ ಟನಲ್ (ಟ್ರ್ಯಾಕ್ ಮೇಲಿನ ಮುಚ್ಚಳ) ಎಲ್ಲ ಮುಟ್ಟಬೇಕು. 3 ಇಂಚಿನ ಲಗ್ ಹಾಕಿದರೆ ಒಳಗೆ ತಾಗುತ್ತದಾ ನೋಡಬೇಕು, ತಿರುಗಿಸಲು ಶಕ್ತಿಯೂ ಜಾಸ್ತಿ ಬೇಕು. ಮರಗಳ ನಡುವೆ 154 ಬೇಗ ತಿರುಗುತ್ತದೆ. ನಿಮಗೆ ಇರುವುದೇ ಸರಿ. ಉದ್ದ ಬೇಕೇ ಬೇಕು ಅಂದರೆ ಗಾಡಿ ಮಾರಿ ಉದ್ದದ್ದು ಕೊಳ್ಳುವುದು ಅಗ್ಗ.

ತೂಕ ಇಳಿಸುವುದು ಇನ್ನೊಂದು ಹುಚ್ಚು. ಪೆಟ್ರೋಲ್, ಕೂಲಂಟ್ ಸೇರಿ ಗಾಡಿ 235 ಕಿಲೋ, ನೀವು ಸಾಮಾನು ಸಮೇತ 90 ಅಂತಿಟ್ಟುಕೊಂಡರೆ ಒಟ್ಟು 325. ಹತ್ತು ಕಿಲೋ ಇಳಿಸಿದರೆ 3%. ಟೈಟಾನಿಯಂ ಬೋಲ್ಟ್, ಲಿಥಿಯಂ ಬ್ಯಾಟರಿ, ಹಗುರ ಸೀಟು ಅಂತ ಆ ಹತ್ತು ಕಿಲೋಗೆ ಸಾವಿರಾರು ಡಾಲರ್ ಕೊಡುತ್ತಾರೆ. ಮಧ್ಯಾಹ್ನ ಊಟಕ್ಕೆ ನಿಂತಾಗ ಟನಲ್ ಕೆಳಗೆ, ಕಾಲಿಡುವ ಹಲಗೆಯ ಮೇಲೆ ಹೆಪ್ಪುಗಟ್ಟಿದ ಹಿಮವನ್ನು ಒದ್ದು ಬೀಳಿಸಿ ನೋಡಿ, ಅಲ್ಲೇ ಎಷ್ಟೋ ಕಿಲೋ ಇರುತ್ತದೆ.

ಇನ್ನು ಇಂಜಿನ್. ಸೈಲೆನ್ಸರ್ ಬದಲಿಸಿದರೆ ಸಿಗುವುದು ನಾಲ್ಕೈದು ಕಿಲೋ ಹಗುರ, ಒಂದೆರಡು ಎಚ್‌ಪಿ, ಬೇಕಾದಷ್ಟು ಸದ್ದು. ಸದ್ದು ಜಾಸ್ತಿಯಾದರೆ ಶಕ್ತಿ ಜಾಸ್ತಿಯಾದಂತೆ ಕಿವಿಗೆ ಅನ್ನಿಸುತ್ತದೆ, ಮೀಟರಿಗೆ ಅನ್ನಿಸುವುದಿಲ್ಲ. 1970ರ ದಶಕದ ಮಧ್ಯದಿಂದ ಕಾರ್ಖಾನೆಗಳು ಪೂರ್ತಿ ಥ್ರಾಟಲ್‌ನಲ್ಲಿ 50 ಅಡಿ ದೂರಕ್ಕೆ 78 ಡೆಸಿಬೆಲ್ ಮೀರದಂತೆ ಗಾಡಿ ಮಾಡಿಕೊಂಡು ಬಂದಿವೆ. ಖಾಲಿ ಡಬ್ಬದಂಥ ಸೈಲೆನ್ಸರ್ ಅದನ್ನು ಒಂದೇ ದಿನದಲ್ಲಿ ಹಾಳು ಮಾಡುತ್ತದೆ. ರೆವೆಲ್‌ಸ್ಟೋಕ್ ಸುತ್ತ ಕ್ಯಾರಿಬೂ ಜಿಂಕೆಗಳಿಗಾಗಿ ಮುಚ್ಚಿದ ಜಾಗಗಳು ಈಗಾಗಲೇ ಇವೆ. ತೆರೆದಿರುವ ಜಾಗ ಉಳಿಯಬೇಕಾದರೆ ಕೆಳಗಿನ ಊರಿನವರು ನಮ್ಮನ್ನು ಸಹಿಸಿಕೊಳ್ಳಬೇಕು. ಅಮೆರಿಕದ ಕಡೆ ಹೋಗುವುದಿದ್ದರೆ ಹೊಗೆ ನಿಯಂತ್ರಣದ ಭಾಗಗಳನ್ನು ಕಿತ್ತು ಬದಲಿಸುವುದು ಅಲ್ಲಿನ ಕಾನೂನಿಗೆ ವಿರುದ್ಧ ಅನ್ನುವುದೂ ನೆನಪಿರಲಿ. ಸೈಲೆನ್ಸರ್ ಬೇಡ.

ಹೈ ಕಂಪ್ರೆಷನ್ ಹೆಡ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ನಿಮ್ಮ ಜಾಗಕ್ಕೆ ಅದು ಹೊಂದುವುದಿಲ್ಲ. ಮೇಲೆ ಗಾಳಿ ತೆಳು, ಸಿಲಿಂಡರಿನಲ್ಲಿ ತುಂಬುವುದೇ ಕಡಿಮೆ, ಹಾಗಾಗಿ ಇನ್ನಷ್ಟು ಹಿಂಡಿದರೂ ತಡೆಯುತ್ತದೆ ಅನ್ನುವುದು ಈ ಹೆಡ್‌ನ ಲೆಕ್ಕ. 2,500 ಮೀಟರಿನಲ್ಲೇ ಗಾಡಿ ಇಳಿಸಿ ಅಲ್ಲೇ ಓಡಿಸುವವರಿಗೆ ಸರಿ. ನೀವು ಟ್ರೇಲರಿನಿಂದ ಗಾಡಿ ಇಳಿಸುವುದು ಕಣಿವೆಯಲ್ಲಿ. ಅಲ್ಲಿಂದ ಗಟ್ಟಿ ಮಾಡಿದ ದಾರಿಯಲ್ಲಿ ಗೆಳೆಯರ ಹಿಂದೆ ಥ್ರಾಟಲ್ ಒತ್ತಿಕೊಂಡು ಏರುತ್ತೀರಿ. ದಟ್ಟ ಗಾಳಿ, ಜಾಸ್ತಿ ಹಿಂಡುವ ಹೆಡ್, ಇಂಜಿನ್ ತಂಪು ಮಾಡುವ ಕೂಲರ್ ಮೇಲೆ ಬೀಳಲು ಪುಡಿಹಿಮವೂ ಇಲ್ಲ. ಇಂಜಿನ್ ನಾಕ್ ಆಗುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಅಂದಹಾಗೆ ನಿಮ್ಮ ಗಾಡಿಗೆ ಸ್ಕ್ರ್ಯಾಚರ್ ಇಲ್ಲದಿದ್ದರೆ ಹಾಕಿಸಿ. ಗಟ್ಟಿ ದಾರಿಯನ್ನು ಕೆರೆದು ಹಿಮದ ಪುಡಿಯನ್ನು ಕೂಲರ್ ಮೇಲೆ ಎರಚುವ ತಂತಿಗಳು ಅವು.

ನಾಕ್ ಅಂದರೆ ಏನು ಅಂತ ನನ್ನ ಮೇಜಿನ ಮೇಲಿರುವ ಒಂದು ಪಿಸ್ಟನ್ ಹೇಳುತ್ತದೆ. ಕಿಡಿಯಿಂದ ಹೊತ್ತಿದ ಬೆಂಕಿ ಹರಡುವ ಮುಂಚೆಯೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿ ಸಿಡಿಯುವುದು ನಾಕ್. ಈ ಪಿಸ್ಟನ್‌ನ ತಲೆ ನಡುವೆ ಚೆನ್ನಾಗಿಯೇ ಇದೆ, ಕಂದು ಬಣ್ಣ. ಅಂಚಿನಲ್ಲಿ ಮಾತ್ರ ಹುಳ ತಿಂದ ಎಲೆಯ ಹಾಗೆ ಸಣ್ಣ ಸಣ್ಣ ಗುಳಿಗಳು. ಎಕ್ಸಾಸ್ಟ್ ಪಕ್ಕದಲ್ಲಿ ಅಲ್ಯೂಮಿನಿಯಂ ಕರಗಿ ರಿಂಗಿನ ಮೇಲೆ ಹರಿದು ಮೇಣದಂತೆ ಗಟ್ಟಿಯಾಗಿದೆ. ಬೆರಳಿನಿಂದ ಸವರಿದರೆ ತರಿತರಿ. ಇದು ಗ್ರಾಹಕರದ್ದಲ್ಲ, ನನ್ನದೇ.

ಆಗ ನನ್ನ ಗಾಡಿಗೆ ಹೊರಗಿನ ಟರ್ಬೊ ಕಿಟ್ ಹಾಕಿದ್ದೆ. ಬೇರೆಯವರಿಗೆ ಬುದ್ಧಿ ಹೇಳುವ ವಯಸ್ಸು, ನನಗೆ ಅನ್ವಯಿಸುವುದಿಲ್ಲ ಅಂದುಕೊಂಡಿದ್ದೆ. ಮೂರು ವಾರ ಅದ್ಭುತವಾಗಿ ಓಡಿತು. ನಾಲ್ಕನೇ ವಾರ ಬಂಕಿನ ಪೆಟ್ರೋಲಿಗೆ ನಾಕ್ ತಡೆಯುವ ರೇಸ್ ಪೆಟ್ರೋಲ್ ಬೆರೆಸುವಾಗ ಕ್ಯಾನಿನಲ್ಲಿ ಕಡಿಮೆ ಇತ್ತು. ಸಾಕು ಬಿಡು, ಇವತ್ತೊಂದು ದಿನ ಅಂತ ಹೊರಟೆ. ಮೊದಲ ಉದ್ದನೆಯ ಏರಿನ ಅರ್ಧದಲ್ಲಿ ಗಾಡಿ ಒಂದು ಕ್ಷಣ ಯಾವತ್ತೂ ಇಲ್ಲದಷ್ಟು ಚುರುಕಾಯಿತು. ಆಮೇಲೆ ಯಾರೋ ಬ್ರೇಕ್ ಹಿಡಿದ ಹಾಗೆ ನಿಂತಿತು. ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಅವತ್ತು ಹದಿನಾಲ್ಕು ಕಿಲೋಮೀಟರ್ ಇನ್ನೊಬ್ಬರ ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂದೆ, ಕತ್ತಲಾಗಿತ್ತು. ಕಿಟ್‌ನಲ್ಲಿ ತಪ್ಪಿರಲಿಲ್ಲ. ಕಾರ್ಖಾನೆ ಇಟ್ಟಿದ್ದ ಸುರಕ್ಷತೆಯ ಅಂತರವನ್ನೆಲ್ಲ ನಾನೇ ಬಳಸಿ ಮುಗಿಸಿದ್ದೆ, ಒಂದು ಸಣ್ಣ ಅಸಡ್ಡೆಗೂ ಜಾಗ ಉಳಿದಿರಲಿಲ್ಲ.

ಹೊರಗಿನ ಟರ್ಬೊ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಚೆನ್ನಾಗಿ ಓಡಿಸುವವರಿದ್ದಾರೆ. ಆರೇಳು ಪಿಎಸ್‌ಐ ಬೂಸ್ಟಿನಲ್ಲಿ (ಟರ್ಬೊ ತುಂಬುವ ಗಾಳಿಯ ಒತ್ತಡ), ಒಳ್ಳೆಯ ಬಂಕ್ ಪೆಟ್ರೋಲಿನಲ್ಲಿ ವರ್ಷಗಟ್ಟಲೆ ನಡೆಯುವ ಗಾಡಿಗಳೂ ಇವೆ. ಆದರೆ ಅವರು ಪ್ರತಿ ಸವಾರಿಯ ನಂತರ ಪ್ಲಗ್ ಬಿಚ್ಚಿ ನೋಡುತ್ತಾರೆ, ಲ್ಯಾಪ್‌ಟಾಪಿನಲ್ಲಿ ಲಾಗ್ ಓದುತ್ತಾರೆ, ಪ್ರತಿ ಬೇಸಿಗೆ ಇಂಜಿನ್ ಬಿಚ್ಚುತ್ತಾರೆ. ಅದೇ ಅವರ ಹವ್ಯಾಸ, ಓಡಿಸುವುದು ಎರಡನೆಯದು. ಶಕ್ತಿ ಜಾಸ್ತಿ ಮಾಡಿದ ಕೂಡಲೇ ಸಮಸ್ಯೆ ಮುಗಿಯುವುದೂ ಇಲ್ಲ, ಮುಂದಿನ ಕೊಂಡಿಗೆ ಹೋಗುತ್ತದೆ. ಇಂಜಿನ್ ಗಟ್ಟಿ ಮಾಡಿದರೆ ಬೆಲ್ಟ್ ಹೋಗುತ್ತದೆ, ಬೆಲ್ಟ್ ಸರಿ ಮಾಡಿದರೆ ಕ್ಲಚ್, ಆಮೇಲೆ ಚೈನ್‌ಕೇಸ್ (ಟ್ರ್ಯಾಕ್‌ಗೆ ಶಕ್ತಿ ಒಯ್ಯುವ ಚೈನಿನ ಡಬ್ಬ), ಆಮೇಲೆ ಟ್ರ್ಯಾಕ್ ಡ್ರೈವರ್ (ಟ್ರ್ಯಾಕ್ ತಿರುಗಿಸುವ ಹಲ್ಲಿನ ಚಕ್ರ). ಕಾರ್ಖಾನೆಯ ಟರ್ಬೊ ಗಾಡಿಯಲ್ಲಿ ಇದನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿ ಕೂರಿಸಿರುತ್ತಾರೆ. ಕಿಟ್‌ನಲ್ಲಿ ಆ ಲೆಕ್ಕ ನಿಮ್ಮದು.

ಬಿಗ್ ಬೋರ್ ಬಗ್ಗೆ ಒಂದೇ ಮಾತು: ಸಿಲಿಂಡರ್ ಸವೆದು ಹೇಗೂ ಬದಲಿಸಬೇಕಾಗಿ ಬಂದರೆ ಆಗ ಯೋಚಿಸಿ, ಚೆನ್ನಾಗಿರುವುದನ್ನು ಕೊರೆಸಬೇಡಿ. ಇಸಿಯು ಫ್ಲ್ಯಾಷ್ ಒಂದನ್ನೇ ಮಾಡಿಸಿದರೆ ಸಿಗುವುದು ಕೆಲವೇ ಎಚ್‌ಪಿ. ಅದು ಬರುವುದು ಹೆಚ್ಚಾಗಿ ಪೆಟ್ರೋಲ್ ಕಡಿಮೆ ಮಾಡಿ ಕಿಡಿಯನ್ನು ಮುಂದಕ್ಕೆ ತಳ್ಳಿ, ಅಂದರೆ ಅದೇ ಸುರಕ್ಷತೆಯ ಅಂತರವನ್ನು ಕೆರೆದು. ವಾರಂಟಿ ನಿಮಗೆ ಮುಗಿದಿರುತ್ತದೆ, ಆ ಚಿಂತೆ ಇಲ್ಲ. ಇನ್ಶೂರೆನ್ಸ್ ಮಾಡಿಸಿದ್ದರೆ ಮಾತ್ರ ಏನು ಬದಲಿಸಿದರೂ ಅವರಿಗೆ ಬರೆದು ತಿಳಿಸಿ.

ಇಲ್ಲಿಯವರೆಗೆ ಲೋಹದ ಮಾತಾಯಿತು. ಹಿಮದ ಮಾತನ್ನೂ ಆಡದಿದ್ದರೆ ಉತ್ತರ ಪೂರ್ತಿಯಾಗುವುದಿಲ್ಲ. ಶಕ್ತಿ ಜಾಸ್ತಿಯಾದರೆ ನೀವು ಹೋಗುವ ಜಾಗ ಬದಲಾಗುತ್ತದೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಈಗ ನಿಮ್ಮ ಗಾಡಿ ಅಂಥ ಇಳಿಜಾರಿನ ಕೆಳಗಿನ ಮೂರನೇ ಒಂದು ಭಾಗದಲ್ಲೇ ಸೋತು ತಿರುಗುತ್ತದೆ. ಟರ್ಬೊ ನಿಮ್ಮನ್ನು ನಡುಮಧ್ಯಕ್ಕೆ, ತುದಿಯ ಹತ್ತಿರಕ್ಕೆ ಒಯ್ಯುತ್ತದೆ. ಅಲ್ಲಿ ಹಿಮದ ಪದರ ಕೆಲವು ಕಡೆ ತೆಳ್ಳಗಿರುತ್ತದೆ, ಕೆಳಗಿನ ದುರ್ಬಲ ಪದರಕ್ಕೆ ಗಾಡಿಯ ಭಾರ ನೇರವಾಗಿ ತಲುಪುತ್ತದೆ. ನೀವು ಹೋಗುವ ರೆವೆಲ್‌ಸ್ಟೋಕ್‌ನ ಬೋಲ್ಡರ್ ಬೆಟ್ಟದಲ್ಲೇ 2010ರ ಮಾರ್ಚ್ 13ರಂದು ಏರು ಹತ್ತುವ ಪಂದ್ಯ ನೋಡಲು ಜನ ಸೇರಿದ್ದಾಗ ಹಿಮ ಕುಸಿದು ಇಬ್ಬರು ಸತ್ತರು, 30ರಷ್ಟು ಜನರಿಗೆ ಗಾಯವಾಯಿತು. ಕೆಳಗೆ ನಿಂತು ನೋಡುತ್ತಿದ್ದವರ ಮೇಲೇ ಹಿಮ ಬಂತು.

ಆದ್ದರಿಂದ ಒಂದು ಕೇಳುತ್ತೇನೆ: ಎರಡು ದಿನದ ಹಿಮಕುಸಿತ ತರಬೇತಿ, ಎಎಸ್‌ಟಿ 1, ಆಗಿದೆಯಾ? ಬೀಕನ್ (ಹಿಮದಡಿ ಸಿಕ್ಕವರನ್ನು ಹುಡುಕುವ ರೇಡಿಯೋ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಕೋಲು), ಸಲಿಕೆ ಮೂರೂ ಮೈಮೇಲೇ ಇರುತ್ತವಾ, ಗಾಡಿಗೆ ಕಟ್ಟಿರುತ್ತೀರಾ? ಗಾಡಿಗೆ ಕಟ್ಟಿದ್ದು ಗಾಡಿಯ ಜೊತೆ ಹೋಗುತ್ತದೆ. ಫೋನ್, ರೇಡಿಯೋ ಎಲ್ಲ ಬೀಕನ್‌ನಿಂದ 20 ಸೆಂಟಿಮೀಟರ್ ದೂರ, ಹುಡುಕುವಾಗ 50. ಏರಿಗೆ ಒಬ್ಬೊಬ್ಬರೇ ಹೋಗಬೇಕು. ಹೂತುಕೊಂಡವನಿಗೆ ಸಹಾಯ ಮಾಡಲು ಮೇಲಿನಿಂದ ಇನ್ನೊಬ್ಬ ಇಳಿದು ಬರಬಾರದು. ಹಿಮದಡಿ ಸಿಕ್ಕವರಿಗೆ ಮೊದಲ ಹತ್ತು ನಿಮಿಷವೇ ಮುಖ್ಯ, ಅಷ್ಟರಲ್ಲಿ ತಲುಪುವುದು ಜೊತೆಗಿರುವ ಆ ನಾಲ್ವರು ಮಾತ್ರ.

ಹಾಗಾದರೆ 8,000 ಡಾಲರ್? ನಾನಾಗಿದ್ದರೆ ಮೊದಲು ಇಂಜಿನ್ ಪರೀಕ್ಷೆ, ವಾಲ್ವ್ ಸ್ವಚ್ಛತೆ, ಮೌಂಟ್, ಕ್ಲಚ್ ಬುಷ್, ಚೈನ್‌ಕೇಸ್ ಎಣ್ಣೆ, ಎರಡು ಒಳ್ಳೆಯ ಬೆಲ್ಟ್. ಆಮೇಲೆ ನಿಮ್ಮ ಎತ್ತರಕ್ಕೆ ಕ್ಲಚ್ ಟ್ಯೂನಿಂಗ್, ಬೆಲ್ಟ್ ಸೆನ್ಸರ್, ಸ್ಕ್ರ್ಯಾಚರ್. ಶಾಕ್‌ಗಳ ಸರ್ವಿಸ್. ಏರ್‌ಬ್ಯಾಗ್ ಚೀಲ (ಹಿಮಕುಸಿತದಲ್ಲಿ ಉಬ್ಬಿ ಮೇಲೆ ಉಳಿಯಲು ನೆರವಾಗುವ ಬೆನ್ನಿನ ಚೀಲ) ಇಲ್ಲದಿದ್ದರೆ ಅದು, ತರಬೇತಿ ಇಲ್ಲದಿದ್ದರೆ ಅದು. ಕೊನೆಗೆ ಚೆನ್ನಾಗಿ ಓಡಿಸುವವರ ಹತ್ತಿರ ಒಂದೆರಡು ದಿನದ ಪಾಠ, ಮುಖ್ಯವಾಗಿ ಇಳಿಜಾರಿಗೆ ಅಡ್ಡ ಹೋಗುವುದಕ್ಕೆ. ಇಷ್ಟಾದರೂ ಅರ್ಧದಷ್ಟು ದುಡ್ಡು ಉಳಿಯಬೇಕು. ಅದನ್ನು ಹಾಗೇ ಇಡಿ. ಎರಡು ಸೀಸನ್ ಆದ ಮೇಲೂ ನಿಮ್ಮ ಫೋಟೋಗಳಲ್ಲಿ ಮೊದಲ ಬಗೆಯ ಗುಂಡಿಗಳೇ ಜಾಸ್ತಿ ಕಂಡರೆ ಈ ಗಾಡಿ ಮಾರಿ, ಅದಕ್ಕೆ ಆ ದುಡ್ಡು ಸೇರಿಸಿ, ಕಾರ್ಖಾನೆಯ ಟರ್ಬೊ ಇರುವ ಸೆಕೆಂಡ್ ಹ್ಯಾಂಡ್ ಗಾಡಿ ನೋಡಿ. ಏನೂ ಬದಲಿಸದ ಗಾಡಿಗೆ ಮರುಮಾರಾಟದಲ್ಲಿ ಬೆಲೆಯೂ ಚೆನ್ನಾಗಿ ಬರುತ್ತದೆ.

ಗೆಳೆಯನ ಕಿಟ್ ಬೇಡ. ಅವನಿಗೆ ಬೇಜಾರಾಗದಂತೆ ಹೇಳಬೇಕು ಅಂದರೆ ಮೂರು ವಿಷಯ ಕೇಳಿ: ಈ ಕಿಟ್ ಹಾಕಿದ್ದ ಗಾಡಿಯ ಇಂಜಿನ್ ಎಷ್ಟು ಕಿಲೋಮೀಟರಿಗೆ ಬಿಚ್ಚಿದ್ದೆ, ಯಾವ ಪೆಟ್ರೋಲ್ ಹಾಕುತ್ತಿದ್ದೆ, ಈಗ ಆ ಗಾಡಿ ಎಲ್ಲಿದೆ? ಕೊನೆಯ ಪ್ರಶ್ನೆಗೆ ಅವನು ಸ್ವಲ್ಪ ತಡವರಿಸಿದರೆ ಆಶ್ಚರ್ಯಪಡಬೇಡಿ.